ಕಟ್ಟೆಯ ನೀರು, ಕಡಲಿನ ಹಡಗು

ಜೂನ್ ಕಳೆಯುತ್ತಿದ್ದಂತೆ ಭಾರತೀನಗರದ ಸುತ್ತಮುತ್ತ ಎಲ್ಲರೂ ಕೇಳುವುದು ಒಂದೇ: ಕಟ್ಟೆ ಎಷ್ಟು ಅಡಿ ಆಯ್ತು? ಕನ್ನಂಬಾಡಿ (ಕೆ.ಆರ್.ಎಸ್.) 124.80 ಅಡಿ ಮುಟ್ಟಿದರೆ ವಿ.ಸಿ. ನಾಲೆಯ ಗದ್ದೆ, ಕಬ್ಬಿಗೆ ಚಿಂತೆಯಿಲ್ಲ. ಕಟ್ಟೆ ತುಂಬಿಸುವುದು ಮುಖ್ಯವಾಗಿ ಕೊಡಗಿನ ಮಳೆ. ಆ ಮಳೆಯ ಹುಟ್ಟು ಕಡಲಿನಲ್ಲಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಸಾಮಾನ್ಯವಾಗಿ ಅರಬ್ಬಿ ಸಮುದ್ರದ ಗಾಳಿಯೂ ಬಿರುಸಾಗುತ್ತದೆ. ಹಾಗಾಗಿ ನಮ್ಮ ಮಳೆಯನ್ನು ಅರಿಯಲು ಎರಡೂ ಕಡಲನ್ನು ಅಳೆಯಬೇಕು.

ಸಾಗರ ಕನ್ಯಾ

ಕಡಲನ್ನು ಅಳೆಯಲು ಹೋದ ಹಡಗುಗಳಲ್ಲಿ ಸಾಗರ ಕನ್ಯಾ ಒಂದು. 1983ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಈ ಸಂಶೋಧನಾ ಹಡಗಿನ ಉದ್ದ ಸುಮಾರು 100 ಮೀಟರ್. 1999ರ ಜುಲೈ–ಆಗಸ್ಟ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಮುಂಗಾರನ್ನು ಅರಿಯಲು ನಡೆದ 'ಬಾಬ್‌ಮೆಕ್ಸ್' ಪ್ರಯೋಗಕ್ಕೆ ಇದೇ ಹಡಗು ಹೋಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಸ್. ಭಟ್ ಮತ್ತು ಸಂಗಡಿಗರು ಅದರಲ್ಲಿ ಮುಂಚೂಣಿಯಲ್ಲಿದ್ದರು. 2002ರಲ್ಲಿ ಅರಬ್ಬಿ ಸಮುದ್ರದಲ್ಲಿ ಅಂಥದೇ ಪ್ರಯೋಗ 'ಆರ್ಮೆಕ್ಸ್' ನಡೆಯಿತು. ಆ ವರ್ಷದ ಜುಲೈನಲ್ಲಿ ದೇಶಕ್ಕೆ ಬಿದ್ದದ್ದು ವಾಡಿಕೆಯ ಅರ್ಧದಷ್ಟು ಮಳೆ.

ಹಡಗಿನ ಒಂದು ದಿನ

ಇಂಥ ಹಡಗಿನಲ್ಲಿ ಹಗಲು ರಾತ್ರಿಯ ಭೇದವಿಲ್ಲ, ಕೆಲಸ ಪಾಳಿಯಲ್ಲಿ ಸಾಗುತ್ತದೆ. ನಿಗದಿಯಾದ ಜಾಗದಲ್ಲಿ ಹಡಗು ನಿಂತಾಗ ಸಿಟಿಡಿ ಎಂಬ ಉಪಕರಣವನ್ನು ಉಕ್ಕಿನ ಹಗ್ಗಕ್ಕೆ ಕಟ್ಟಿ ನೀರಿಗಿಳಿಸುತ್ತಾರೆ. ಅದು ಇಳಿಯುತ್ತಲೇ ಆಳ, ಉಷ್ಣತೆ, ಉಪ್ಪಿನಂಶದ ಲೆಕ್ಕ ಕಳಿಸುತ್ತದೆ. ಅದರ ಸುತ್ತ ಬಾಯಿ ತೆರೆದ ಬಾಟಲಿಗಳಿರುತ್ತವೆ. ಮೇಲೆ ಬರುವಾಗ ಬೇಕಾದ ಆಳದಲ್ಲಿ ಒಂದೊಂದನ್ನೇ ಮುಚ್ಚಿಸುತ್ತಾರೆ. ಬಾಟಲಿ ಮೇಲೆ ಬಂದೊಡನೆ ಮೊದಲು ಹಿಡಿಯುವುದು ಆಮ್ಲಜನಕ ಅಳೆಯುವ ನೀರು. ತಡವಾದರೆ ಗಾಳಿ ಬೆರೆತು ಲೆಕ್ಕ ಕೆಡುತ್ತದೆ.

ದಿನಕ್ಕೆ ಹಲವು ಸಲ ಬಲೂನು ಹಾರಿಸುತ್ತಾರೆ. ಅದಕ್ಕೆ ತೂಗುಬಿಟ್ಟ ಪುಟ್ಟ ಯಂತ್ರ ಮೇಲಿನ ಗಾಳಿಯ ತೇವ, ಉಷ್ಣತೆ, ಒತ್ತಡವನ್ನು ರೇಡಿಯೋ ಮೂಲಕ ತಿಳಿಸುತ್ತದೆ. ಗಾಳಿಯ ವೇಗ ಅಳೆಯುವುದು ಇನ್ನೂ ನಾಜೂಕಿನ ಕೆಲಸ. ಹಡಗಿನ ಒಡಲು ಕಾದು ಗಾಳಿಯನ್ನೂ ತಿರುಗಿಸುವುದರಿಂದ, ಮೂತಿಯಿಂದ ಮುಂದಕ್ಕೆ ಚಾಚಿದ ಕಂಬದ ತುದಿಗೆ ಉಪಕರಣ ಕಟ್ಟಿ, ಹಡಗನ್ನು ಗಾಳಿಗೆ ಎದುರಾಗಿ ನಿಲ್ಲಿಸುತ್ತಾರೆ. ಇಷ್ಟೆಲ್ಲದರ ನಡುವೆ ಕಡಲ ಮೇಲ್ಮೈಯ ಬಿಸಿ ನೋಡಲು ಬಕೆಟ್ಟಿನಲ್ಲಿ ನೀರು ಸೇದಿ ಥರ್ಮಾಮೀಟರ್ ಇಡುವ ಹಳೆಯ ಪದ್ಧತಿಯೂ ಇದೆ. ಅಲೆ ಏಳುವ ಮುಂಗಾರಿನಲ್ಲಿ, ತೂಗುವ ಡೆಕ್ಕಿನ ಮೇಲೆ ವಾರಗಟ್ಟಲೆ ಇದನ್ನೇ ತಪ್ಪದೆ ಮಾಡುವವರ ತಾಳ್ಮೆ ದೊಡ್ಡದು.

ನಮ್ಮ ಕರಾವಳಿಯ ನಂಟು

ಕಡಲನ್ನು ಅಳೆಯುವುದು ಮಳೆಗಾಗಿ ಮಾತ್ರವಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಸಾಗರ ವಿಭಾಗದ ಕೇಂದ್ರ ಮಂಗಳೂರಿನಲ್ಲಿದೆ. ಇಲಾಖೆಯ 'ಸಮುದ್ರ ರತ್ನಾಕರ' ಹಡಗು ಕಡಲ ತಳದ ನಕ್ಷೆ ಬರೆಯುತ್ತದೆ. ಕಾರವಾರ, ಮಂಗಳೂರಿನಾಚೆ ಫಾಸ್ಫೇಟ್ ಇರುವ ಹೂಳು ಸಿಕ್ಕಿದೆ.

ಇಂಥ ಹಡಗುಗಳಿಗೆ ಭೌತ, ರಸಾಯನ, ಜೀವ, ಭೂವಿಜ್ಞಾನ ಓದಿದವರೆಲ್ಲ ಬೇಕು. ನಾಲೆ ಬಯಲಿನ ಕಾಲೇಜುಗಳಲ್ಲಿ ಬಿ.ಎಸ್ಸಿ. ಓದುತ್ತಿರುವ ಮಕ್ಕಳು ಕಡಲಿನ ಕಡೆಗೂ ಕಣ್ಣು ಹಾಯಿಸಲಿ.