ಚಾವಣಿಯ ಮೀನು, ಕಡಲಿನ ಮೀನು

ಬಾದಾಮಿಯ ಎರಡನೆಯ ಗುಹಾಲಯದಲ್ಲಿ ಕತ್ತೆತ್ತಿ ನೋಡಿದರೆ ಚಾವಣಿಯಲ್ಲೊಂದು ಚಕ್ರ ಕಾಣುತ್ತದೆ. ಅದಕ್ಕೆ ಅರಗಳಿಲ್ಲ; ಅರಗಳ ಸ್ಥಾನದಲ್ಲಿ ಹದಿನಾರು ಮೀನುಗಳಿವೆ. ಆರನೆಯ ಶತಮಾನದ ಶಿಲ್ಪಿ ಹದಿನಾರಕ್ಕೂ ಒಂದೇ ರೂಪ ಕೊಟ್ಟ. ಕೆಂಗಲ್ಲಿನಲ್ಲಿ ಬಣ್ಣಕ್ಕೆಲ್ಲಿಯ ಎಡೆ?

ಐನೂರು ವರ್ಷಗಳ ಮೇಲೆ, ಚಾಲುಕ್ಯರೆಂದೇ ಹೆಸರಾದ ಕಲ್ಯಾಣದ ಅರಸು ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನಷ್ಟೆ. ಗಾಳ ಹಾಕುವ ವಿನೋದಕ್ಕೆಂದೇ ಅದರಲ್ಲೊಂದು ಅಧ್ಯಾಯವಿದೆ. 1951ರಲ್ಲಿ ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅದನ್ನು ವಿವರಿಸಿ ಬರೆದರು. ಕಡಲಿನದೋ ಹೊಳೆಯದೋ, ಹುರುಪೆ ಉಂಟೋ ಇಲ್ಲವೋ, ದೊಡ್ಡದೋ ಚಿಕ್ಕದೋ—ಅರಸು ಮೀನನ್ನು ವಿಂಗಡಿಸಿದ್ದು ಹೀಗೆ. ಬಣ್ಣವನ್ನು ನೆಚ್ಚಲಿಲ್ಲ. ಅದು ಒಳ್ಳೆಯದೇ ಆಯಿತೆಂದು ನನಗೆ ತೋರುತ್ತದೆ.

ಏಕೆಂದರೆ ಬಣ್ಣವನ್ನು ನೆಚ್ಚಿದ ಯುರೋಪಿನ ಪಂಡಿತರು ಹವಳದ ದಿಬ್ಬದ ಮೀನುಗಳ ವಿಷಯದಲ್ಲಿ ಬಹುಕಾಲ ಮೋಸಹೋದರು. ಅಮೆರಿಕದ ಕೆರಿಬಿಯನ್ ಕಡಲಲ್ಲಿ ನೀಲಿ ತಲೆ, ಹಸಿರು ಮೈಯ ಮೀನೊಂದುಂಟು. 1791ರಲ್ಲಿ ಬ್ಲೋಖ್ ಅದಕ್ಕೆ ಹೆಸರಿಟ್ಟ. ಅದರ ಜೊತೆಯಲ್ಲೇ ಈಜುವ ಹಳದಿ ಮೀನಿಗೆ ಮುಂದೆ ಬೇರೆ ಹೆಸರು ಬಿತ್ತು. ಎರಡೂ ಒಂದೇ ಕುಲ! ಇಳಕಲ್ಲಿನ ಸೀರೆಯ ಒಡಲಿನದೊಂದು ತುಂಡು, ಕೆಂಪು ಸೆರಗಿನದೊಂದು ತುಂಡು ಕತ್ತರಿಸಿ ಪರಸ್ಥಳದವನ ಕೈಗಿಟ್ಟರೆ ಎರಡು ಸೀರೆಯೆಂದೇ ಅವನು ಹೇಳಿಯಾನು. ಎರಡು ಹಾಸುಗಳನ್ನೂ ಕೊಂಡಿ ಹಾಕಿ ಕೂಡಿಸಿದ್ದನ್ನು ಮಗ್ಗದ ಬಳಿ ಕುಳಿತವನೇ ಬಲ್ಲ. ಪಂಡಿತರ ಕೈಗೆ ಬಂದದ್ದು ಸೀಸೆಯೊಳಗಿನ ಸತ್ತ ಮೀನು.

1943ರಲ್ಲಿ ಕೂಸ್ತೊ ಮತ್ತು ಗಾನ್ಯಾನ್ ಎಂಬ ಫ್ರೆಂಚರು ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಾಧನವನ್ನು ಸಿದ್ಧಪಡಿಸಿದರು. ನೀರಿನಡಿ ಕುಳಿತು ಮೀನಿನ ಸಂಸಾರ ನೋಡುವುದು ಆಮೇಲೆ ಸುಲಭವಾಯಿತು. ಆ ನೀಲಿ ತಲೆಯದು ಯಜಮಾನ ಗಂಡು. ದಿಬ್ಬದ ಮೇಲೊಂದು ಜಾಗ ಹಿಡಿದು, ಬೇರೆ ಗಂಡುಗಳನ್ನು ಅಟ್ಟುತ್ತ, ಅಲ್ಲಿಗೆ ಬರುವ ಹೆಣ್ಣುಗಳೊಡನೆ ಕೂಡುತ್ತದೆ. ಹಳದಿಯವುಗಳಲ್ಲಿ ಹೆಣ್ಣೂ ಉಂಟು, ಸಣ್ಣ ಗಂಡೂ ಉಂಟು. ಯಜಮಾನನನ್ನು ತೆಗೆದುಬಿಟ್ಟರೆ ಆಗುವುದೇನು? ಇದ್ದವರಲ್ಲಿ ಹಿರಿಯ ಹೆಣ್ಣು ಕೆಲವೇ ಗಂಟೆಗಳೊಳಗೆ ಯಜಮಾನಿಕೆಯ ನಡೆ ಹಿಡಿಯುತ್ತದೆ. ಬಣ್ಣ ಆಮೇಲೆ ಬರುತ್ತದೆ. ಹತ್ತು ದಿನಗಳ ಸುಮಾರಿಗೆ ಅದು ನಿಜವಾಗಿಯೇ ಗಂಡು!

ಹೀಗೇಕೆಂಬುದಕ್ಕೆ 1975ರಲ್ಲಿ ವಾರ್ನರ್, ರಾಬರ್ಟ್‌ಸನ್, ಲೀ ಎಂಬ ಮೂವರು ಕಾರಣ ಕೊಟ್ಟರು. ಜಾಗ ಹಿಡಿದ ದೊಡ್ಡ ಗಂಡಿಗೆ ಸಂತಾನ ಹೆಚ್ಚು. ಸಣ್ಣದಕ್ಕೆ ಆ ಬಲವಿಲ್ಲ. ಆದ್ದರಿಂದ ಸಣ್ಣದಿರುವಾಗ ಹೆಣ್ಣಾಗಿದ್ದು, ಬೆಳೆದಮೇಲೆ ಗಂಡಾಗುವುದೇ ಲಾಭ. 1996ರಲ್ಲಿ ಇನ್ನೂ ಬೆರಗಿನ ಸಂಗತಿ ಹೊರಬಿತ್ತು: ಅಂಡಾಶಯವನ್ನೇ ತೆಗೆದುಹಾಕಿದ ಹೆಣ್ಣೂ ಯಜಮಾನನಿಲ್ಲದಾಗ ಗಂಡಿನಂತೆ ನಡೆದುಕೊಂಡಿತು. ನೆರೆಹೊರೆಯನ್ನು ಕಣ್ಣಿಂದ ಕಂಡದ್ದೇ ಅದಕ್ಕೆ ಸಾಕಾಗಿತ್ತು.

ಇಂಥ ಮೀನು ನೋಡಲು ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಮುರುಡೇಶ್ವರದಾಚೆಯ ನೇತ್ರಾಣಿ ನಡುಗಡ್ಡೆಯ ಸುತ್ತ ಗಿಳಿಮೀನುಗಳಿವೆ. ಆ ವಂಶದಲ್ಲಿಯೂ ಮಾಸಲು ಬಣ್ಣದ ಹೆಣ್ಣು ಹಸಿರು-ನೀಲಿಯ ಗಂಡಾಗುವುದುಂಟು. ಮಳೆಗಾಲ ಕಳೆದು ಕಡಲು ತಿಳಿಯಾದಾಗ ಅಲ್ಲಿ ಮುಳುಗುವವರು, ಕಣ್ಣೆದುರಿನ ಹಸಿರು ಗಂಡು ಹಿಂದೊಮ್ಮೆ ಮೊಟ್ಟೆಯಿಟ್ಟಿದ್ದಿರಬಹುದೆಂದು ನೆನೆದು ನೋಡಬೇಕು.