ಎಂಜಿನ್‌ಗಾಗಿ ಕಾದ ವಿಮಾನ: ಮಾರುತ್‌ನಿಂದ ಚಳ್ಳಕೆರೆಯ ತಪಸ್‌ವರೆಗೆ

ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು ಕುರಿತು ಬರೆದವರು ಅದನ್ನು ಸ್ವದೇಶಿ ಹೆಮ್ಮೆಯೆಂದು ಕೊಂಡಾಡಿದ್ದಾರೆ, ಇಲ್ಲವೇ ಕೈಗೂಡದ ಕನಸೆಂದು ಬದಿಗೆ ಸರಿಸಿದ್ದಾರೆ. ಎರಡೂ ಬಗೆಯ ಬರಹಗಳಲ್ಲಿ ವಿಮಾನದ ಹಿಂಬದಿಯಲ್ಲಿ ಅಕ್ಕಪಕ್ಕ ಕೂತಿದ್ದ ಎರಡು ಎಂಜಿನ್‌ಗಳ ವಿಚಾರ ಅಡಿಟಿಪ್ಪಣಿಯಾಗಿಯೇ ಉಳಿದಿದೆ. ಮಾರುತ್‌ನ ಚರಿತ್ರೆಯನ್ನು ಅಲ್ಲಿಂದಲೇ ಓದಬೇಕೆಂಬುದು ಈ ಲೇಖನದ ವಾದ.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಬೆಂಬಲದಿಂದ ಕಟ್ಟಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಗೆ 1956ರಲ್ಲಿ ಜರ್ಮನ್ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಬಂದರು. ಯುದ್ಧಾನಂತರ ಅವರು ಅರ್ಜೆಂಟೀನಾದಲ್ಲಿ ಪುಲ್ಕಿ-2 ಜೆಟ್ ರೂಪಿಸಿದ್ದರು. ಇಲ್ಲಿ ಮೊದಲು ತಯಾರಾದದ್ದು ಅಸಲಿ ಅಳತೆಯ ಮರದ ಗ್ಲೈಡರ್. 1959ರಲ್ಲಿ ಅದನ್ನು ಡಕೋಟಾ ವಿಮಾನಕ್ಕೆ ಕಟ್ಟಿ ಮೇಲೆಳೆದೊಯ್ದು, ಬಿಟ್ಟು, ರೆಕ್ಕೆಯ ಗುಣ ಪರೀಕ್ಷಿಸಿದರು. ಜೆಟ್ ಮಾದರಿಯನ್ನು 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಹಾರಿಸಿದರು.

ಶಬ್ದದ ಎರಡು ಪಟ್ಟು ವೇಗ ಮುಟ್ಟಬೇಕೆಂದು ಬರೆದ ಈ ನಕ್ಷೆ ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ನನ್ನು ನೆಚ್ಚಿಕೊಂಡಿತ್ತು. ಬ್ರಿಟನ್ ಅದರ ಅಭಿವೃದ್ಧಿಯನ್ನು ಕೈಬಿಟ್ಟಿತು. ಮುಂದುವರಿಸುವ ವೆಚ್ಚ ಹೊರಲು ದೆಹಲಿ ಒಪ್ಪಲಿಲ್ಲ. ಕೊನೆಗೆ ಸಿಕ್ಕಿದ್ದು ಮರುದಹನ (ಆಫ್ಟರ್‌ಬರ್ನರ್) ವ್ಯವಸ್ಥೆಯಿಲ್ಲದ, ತಲಾ ಸುಮಾರು 2,200 ಕಿಲೊ ನೂಕುಬಲದ ಆರ್ಫಿಯಸ್ 703. ಇಂಥ ಎರಡು ಎಂಜಿನ್ ಹಾಕಿದರೂ ಮಾರುತ್ ಶಬ್ದದ ವೇಗದ ಆಸುಪಾಸಿನಲ್ಲೇ ನಿಂತಿತು. ಈಜಿಪ್ಟಿನ ಇ-300 ಎಂಜಿನ್ ಕೂರಿಸಿ ನೋಡುವ ಜಂಟಿ ಪ್ರಯತ್ನವೂ 1969ರ ಹೊತ್ತಿಗೆ ಮುಗಿದುಹೋಯಿತು. ಮರುದಹನ ಅಳವಡಿಸಿದ ಮಾದರಿಯ ಪರೀಕ್ಷೆಯಲ್ಲಿ 1970ರ ಜನವರಿ 10ರಂದು ದಾಸ್ ಅವರೇ ತೀರಿಕೊಂಡರು. ನನ್ನ ಮಟ್ಟಿಗೆ ಎಚ್‌ಎಫ್-24ರ ದುರಂತ ಟ್ಯಾಂಕ್ ಅವರ ನಕ್ಷೆಯಲ್ಲಿಲ್ಲ. ವಿಮಾನದ ಒಡಲನ್ನು ಇಲ್ಲೇ ಕಟ್ಟಿ, ಅದರ ಉಸಿರನ್ನು ಬೇರೆಯವರ ಬಜೆಟ್ಟಿಗೆ ಬಿಟ್ಟದ್ದರಲ್ಲಿದೆ.

ಆದರೆ ಇದೇ ದುರ್ಬಲ ಜೋಡಿ 1971ರ ಡಿಸೆಂಬರಿನ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಬೇರೆ ಲೆಕ್ಕ ಹೇಳಿತು. 10 ಮತ್ತು 220ನೇ ಸ್ಕ್ವಾಡ್ರನ್‌ಗಳ ಮಾರುತ್‌ಗಳು ರಾಜಸ್ಥಾನದ ಗಡಿಯಲ್ಲಿ ನೆಲಕ್ಕೆ ತಾಗುವಷ್ಟು ಕೆಳಗೆ ಹಾರಿ ದಾಳಿ ಮಾಡುತ್ತಿದ್ದವು. ಕೆಳಗಿನಿಂದ ಗುಂಡು ಬಡಿದು ಒಂದು ಎಂಜಿನ್ ನಿಂತರೂ ಇನ್ನೊಂದರ ಬಲದಲ್ಲಿ ನೆಲೆಗೆ ಮರಳಿದ ಪ್ರಸಂಗಗಳು ಮೂರಾದರೂ ದಾಖಲಾಗಿವೆ. ಡಿಸೆಂಬರ್ 7ರಂದು 220ನೇ ಸ್ಕ್ವಾಡ್ರನ್ನಿನ ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಪಾಕಿಸ್ತಾನದ ಸೇಬರ್ ವಿಮಾನವನ್ನು ಹೊಡೆದುರುಳಿಸಿದರೆಂದು ವಾಯುಪಡೆಯ ದಾಖಲೆ ಹೇಳುತ್ತದೆ. ವೇಗಕ್ಕಾಗಿ ಬರೆದ ವಿಮಾನ ತಾಳಿಕೆಯಿಂದ ಹೆಸರು ಗಳಿಸಿತು. ಒಟ್ಟು 147 ತಯಾರಾದವು. 1990ರ ಹೊತ್ತಿಗೆ ಎಲ್ಲವೂ ಸೇವೆಯಿಂದ ಹೊರಬಿದ್ದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದನ್ನು ನೋಡಬಹುದು; ಬಾಲದಡಿ ನಿಂತರೆ ಎರಡು ನಿಷ್ಕಾಸ ಬಾಯಿಗಳು ಎಷ್ಟು ಒತ್ತೊತ್ತಾಗಿವೆ ಎಂಬುದು ಕಾಣುತ್ತದೆ.

ಎಂಜಿನ್ನಿನ ಇದೇ ಪ್ರಶ್ನೆ ಮುಂದೆ ಚಿತ್ರದುರ್ಗ ಜಿಲ್ಲೆಗೆ ಬಂತು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ, ದನ-ಕುರಿ ಮೇಯಿಸುತ್ತಿದ್ದವರ ವಿರೋಧದ ನಡುವೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ ನಿರ್ಮಿಸಿತು. 2016ರ ನವೆಂಬರಿನಲ್ಲಿ ಅಲ್ಲಿಂದ ಮೊದಲು ಹಾರಿದ ಪೈಲಟ್‌ರಹಿತ ರುಸ್ತುಂ-2, ಅಂದರೆ ಮುಂದಿನ ತಪಸ್, ಸಹ ಜೋಡಿ ಎಂಜಿನ್ನಿನದು; ಆರಂಭದ ಎಂಜಿನ್ನೂ ಆಮದಿನದೇ. ಬೆಂಕಿಯ ಕಸುಬು ಈ ಜಿಲ್ಲೆಗೆ ಹೊಸದೇನಲ್ಲ: ಇಲ್ಲಿಯ ಮತ್ತೋಡಿನಲ್ಲಿ ಬಳೆಗಾಜು ಕರಗಿಸುವ ಕುಲುಮೆಗಳನ್ನು ಪ್ರವಾಸಿ ಫ್ರಾನ್ಸಿಸ್ ಬುಕಾನನ್ 19ನೇ ಶತಮಾನದ ಆರಂಭದಲ್ಲಿ ಕಂಡು ಬರೆದಿದ್ದಾನೆ. ಅಲ್ಲಿಂದ ಜೆಟ್ ಎಂಜಿನ್ನಿಗೆ ಗೆರೆ ಎಳೆಯುವುದು ಅತಿಯಾದೀತು. ಆದರೂ ಬೆಂಕಿಯ ಕಸುಬಿಗೆ ಊರುಗಳು ತಲೆಮಾರು ಕೊಡುತ್ತಿದ್ದವು. ಎಂಜಿನ್ ಯೋಜನೆಗಳಿಗೆ ನಾವು ಕೊಟ್ಟಿದ್ದು ಆಯವ್ಯಯದ ಕೆಲವು ವರ್ಷ.

2023ರ ಜೂನ್ 16ರಂದು ತಪಸ್ ಚಿತ್ರದುರ್ಗದಿಂದ ಹೊರಟು, 285 ಕಿ.ಮೀ. ದೂರದ ಕಾರವಾರದ ಕಡಲಿನ ಮೇಲೆ 20,000 ಅಡಿಯಲ್ಲಿ ಹಾರಿತು. ನೌಕಾಪಡೆಯ ಸುಭದ್ರಾ ನೌಕೆಯ ಸಿಬ್ಬಂದಿ 40 ನಿಮಿಷ ಅದನ್ನು ನಿಯಂತ್ರಿಸಿದರು. ಎರಡು ತಿಂಗಳಿಗೆ, ಆಗಸ್ಟ್ 20ರಂದು, ಅಂಥದೇ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ಬಿತ್ತು. ಸೇನೆ ಕೇಳಿದ್ದು 30,000 ಅಡಿ ಎತ್ತರ, 24 ಗಂಟೆಯ ಹಾರಾಟ. ತಪಸ್ ಮುಟ್ಟಿದ್ದು 28,000 ಅಡಿ, 18 ಗಂಟೆ. ಕೊರತೆ ನಿಂತದ್ದು ಮಾರುತ್‌ನಲ್ಲಿದ್ದಂತೆಯೇ ತೂಕ ಮತ್ತು ಶಕ್ತಿಯ ಅನುಪಾತದಲ್ಲಿ. ವ್ಯತ್ಯಾಸವಿಷ್ಟೇ: ಮಾರುತ್‌ಗೆ ವಾಯುಪಡೆ ಸ್ಕ್ವಾಡ್ರನ್ ಕೊಟ್ಟು ಯುದ್ಧದಲ್ಲಿ ಒರೆಗೆ ಹಚ್ಚಿತ್ತು, ತಪಸ್ ಆ ಹಂತಕ್ಕೆ ಬರುವ ಮೊದಲೇ ಆದ್ಯತೆಯ ಯೋಜನೆಗಳ ಪಟ್ಟಿಯಿಂದ ಇಳಿಯಿತು.