ದಿ ನೈಟ್ ಆಫ್ ದ ಮೀಕ್
ಅಮೆರಿಕದ ಸಿಬಿಎಸ್ ವಾಹಿನಿಯ ‘ದಿ ಟ್ವೈಲೈಟ್ ಝೋನ್’ ಸರಣಿಯ ಕ್ರಿಸ್‌ಮಸ್ ಕಂತು. ಮೊದಲ ಪ್ರಸಾರ 1960ರ ಡಿಸೆಂಬರ್ 23. ರಚನೆ ರಾಡ್ ಸರ್ಲಿಂಗ್, ನಿರ್ದೇಶನ ಜ್ಯಾಕ್ ಸ್ಮೈಟ್. ದೊಡ್ಡ ಮಳಿಗೆಯೊಂದರಲ್ಲಿ ಸಾಂಟಾಕ್ಲಾಸ್ ವೇಷ ಹಾಕುವ ಹೆನ್ರಿ ಕಾರ್ವಿನ್ ಕುಡಿದು ಬಂದು ಕೆಲಸ ಕಳೆದುಕೊಳ್ಳುತ್ತಾನೆ. ಆ ಕುಡಿತದ ಹಿಂದಿರುವುದು ತನ್ನ ಕೇರಿಯ ಬಡಮಕ್ಕಳಿಗೆ ಏನೂ ಕೊಡಲಾಗದ ಸಂಕಟ. ಆಮೇಲೆ ಓಣಿಯಲ್ಲಿ ಅವನಿಗೊಂದು ಚೀಲ ಸಿಗುತ್ತದೆ. ಯಾರು ಏನು ಕೇಳಿದರೂ ಅದರಿಂದ ಅದೇ ಹೊರಬರುತ್ತದೆ. ಎಲ್ಲರಿಗೂ ಹಂಚಿದ ಕಾರ್ವಿನ್ ತನಗೆಂದು ಬಯಸುವುದು ಒಂದನ್ನೇ: ವರ್ಷವರ್ಷವೂ ಹೀಗೆ ಕೊಡುವ ಭಾಗ್ಯ. ಹಾಸ್ಯನಟನೆಂದೇ ಹೆಸರಾಗಿದ್ದ ಆರ್ಟ್ ಕಾರ್ನಿ ಪಾತ್ರಕ್ಕೆ ತಂದ ಆರ್ದ್ರತೆಯೇ ಕಂತಿನ ಜೀವಾಳ. ಖರ್ಚು ಉಳಿಸಲು ಫಿಲ್ಮ್ ಬದಲು ವಿಡಿಯೊಟೇಪಿನಲ್ಲಿ ಚಿತ್ರಿಸಿದ ಸರಣಿಯ 6 ಕಂತುಗಳಲ್ಲಿ ಇದೂ ಒಂದು. 1985ರಲ್ಲಿ ಮರುನಿರ್ಮಾಣಗೊಂಡಿತು.